ಜ್ವರವೆಂದು ಕೆಲಸಕ್ಕೆ ಬಾರದವರ ಸಂಬಳ ಹಿಡಿಯಬಹುದೇ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು ಇದೆ. ಭಟ್ಟರು, ಸಪ್ಲೈಯರುಗಳು, ಕ್ಲೀನರುಗಳು ಎಲ್ಲ ಸೇರಿ 22 ಜನ ಕೆಲಸಕ್ಕಿದ್ದಾರೆ. ಮಳೆಗಾಲ ಬಂತೆಂದರೆ ಒಬ್ಬರಲ್ಲ ಒಬ್ಬರು ಜ್ವರವೆಂದು ಮಲಗುತ್ತಾರೆ, ಕೆಲವರು ಊರಿಗೇ ಹೊರಟುಬಿಡುತ್ತಾರೆ. ಇಂಥ ರಜೆಗೆ ಸಂಬಳ ಕೊಡಲೇಬೇಕೇ? ಡಾಕ್ಟರ ಚೀಟಿ ತರದಿದ್ದರೆ ಹಿಡಿಯಬಹುದೇ?

ಉತ್ತರ: ರಜೆ ಬಾಕಿಯಿರುವವರೆಗೆ ಸಂಬಳ ಕೊಡಬೇಕು, ಅದು ಮುಗಿದ ಮೇಲೆ ಬಾರದ ದಿನದ ಸಂಬಳವನ್ನು ಹಿಡಿಯಬಹುದು. ಆದ್ದರಿಂದ ಮೊದಲು ನೋಡಬೇಕಾದುದು ಡಾಕ್ಟರ ಚೀಟಿಯನ್ನಲ್ಲ, ನಿಮ್ಮ ಹಾಜರಿ ಪುಸ್ತಕವನ್ನು.

ನಿಮ್ಮ ಹೋಟೆಲಿಗೆ ಅನ್ವಯಿಸುವ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಅನಾರೋಗ್ಯ ರಜೆ ಎಂಬ ಪ್ರತ್ಯೇಕ ಬಾಬತ್ತು ಇಲ್ಲ, ಮತ್ತು ಅನೇಕ ಮಾಲೀಕರು ಇದನ್ನೇ ಹಿಡಿದುಕೊಂಡು ಕಾಯಿಲೆಗೆ ಸಂಬಳವಿಲ್ಲವೆಂದು ತಿಳಿಯುತ್ತಾರೆ. ಅದು ತಪ್ಪು. ಅದೇ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೆ 8 ದಿನ ಸಂಬಳಸಹಿತ ಸಾಂದರ್ಭಿಕ ರಜೆಯಿದೆ. ಅದು ಮೂರು ತಿಂಗಳಿಗೊಮ್ಮೆ ಅವನ ಲೆಕ್ಕಕ್ಕೆ ಜಮೆಯಾಗುತ್ತದೆ, ಬಳಸದಿದ್ದರೆ ವರ್ಷಾಂತ್ಯಕ್ಕೆ ಕಳೆದುಹೋಗುತ್ತದೆ. ಇದಲ್ಲದೆ ವರ್ಷದಲ್ಲಿ 240 ದಿನ ಅಥವಾ ಅದಕ್ಕಿಂತ ಹೆಚ್ಚು ದುಡಿದವನಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಮರುವರ್ಷ ಗಳಿಕೆ ರಜೆ ಸಿಗುತ್ತದೆ. ಅಂದರೆ 300 ದಿನ ಕೆಲಸ ಮಾಡಿದ ನಿಮ್ಮ ದೋಸೆ ಭಟ್ಟರಿಗೆ 15 ದಿನ. ಇದನ್ನು 45 ದಿನಗಳವರೆಗೆ ಕೂಡಿಡಬಹುದು.

ಇನ್ನು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗಾಗಿ ಮಾಲೀಕರು ಶೇಕಡಾ 3.25, ಕೆಲಸಗಾರರು ಶೇಕಡಾ 0.75 ಕಟ್ಟುತ್ತಾರೆ, 16,000 ರೂಪಾಯಿ ಸಂಬಳದ ಸಪ್ಲೈಯರನ ಲೆಕ್ಕದಲ್ಲಿ ನಿಮ್ಮಿಂದ 520, ಅವನಿಂದ 120 ರೂಪಾಯಿ ಹೋಗುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ಅದಕ್ಕೆ ಹೊಂದಿಕೊಂಡ ಮುಂದಿನ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಸಂಬಳದ ಶೇಕಡಾ 70ರಷ್ಟು ಪರಿಹಾರ, ವರ್ಷಕ್ಕೆ 91 ದಿನಗಳವರೆಗೆ, ನೇರವಾಗಿ ಅವನಿಗೆ ಬರುತ್ತದೆ. ತಿಂಗಳು ತಿಂಗಳು ಹಣ ಕಟ್ಟಿಯೂ ಈ ಪರಿಹಾರವನ್ನು ಕೇಳಲು ಹುಡುಗರಿಗೆ ಯಾರೂ ಹೇಳಿಕೊಡದಿರುವುದು ನನಗೆ ಬಹಳ ನೋವಿನ ಸಂಗತಿ. ಕಾಯಿಲೆಯ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಈ ಪರಿಹಾರ ಸಿಗುವುದಿಲ್ಲವಾದ್ದರಿಂದ, ಆ ಎರಡನ್ನು ಸಾಂದರ್ಭಿಕ ರಜೆಯಲ್ಲಿ ಹಾಕಿ, ಮೂರನೆಯ ದಿನದಿಂದ ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ನಡೆಯುವುದು ಇಬ್ಬರಿಗೂ ಅನುಕೂಲ. ಈ ಪರಿಹಾರ ಪಡೆಯುತ್ತಿರುವವನನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ.

ಚೀಟಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಒಂದೆರಡು ದಿನದ ಜ್ವರಕ್ಕೆ ಅದನ್ನು ಕೇಳಬೇಡಿ. ಕೇಳಿದರೆ ಹುಡುಗನು ವಿಶ್ರಾಂತಿ ಬಿಟ್ಟು, ದವಾಖಾನೆಯ ಸಾಲಿನಲ್ಲಿ ನಿಂತು, ಕೈಯಿಂದ ಹಣ ತೆತ್ತು ಒಂದು ಕಾಗದ ತರುತ್ತಾನೆ. ಆ ಕಾಗದದಿಂದ ನಿಮಗೆ ತಿಳಿಯುವುದು ಅಷ್ಟರಲ್ಲೇ ಇದೆ. ಮೂರು ದಿನ ದಾಟಿದರೆ ಕೇಳಿ. ಕುಂದಾಪುರಕ್ಕೋ ಕಾರ್ಕಳಕ್ಕೋ ಹೋದವನು ಅಲ್ಲಿನ ವೈದ್ಯರ ಚೀಟಿಯನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ಒಪ್ಪಿಕೊಳ್ಳಿ, ಮೂಲಪ್ರತಿಯನ್ನು ಬಂದ ಮೇಲೆ ಪಡೆಯಿರಿ. ಆದರೆ ಕೆಲಸದ ಹೊತ್ತಿಗೆ ಮೊದಲೇ ಫೋನು ಮಾಡಿ ತಿಳಿಸಬೇಕೆಂಬ ನಿಯಮದಲ್ಲಿ ಸಡಿಲಿಕೆ ಬೇಡ, ಏಕೆಂದರೆ ಬದಲಿ ಜನ ಹುಡುಕಲು ನಿಮಗೂ ಸಮಯ ಬೇಕು.

ರಜೆಯೆಲ್ಲ ಮುಗಿದಿದ್ದರೆ ಬಾರದ ದಿನಗಳಷ್ಟೇ ಸಂಬಳವನ್ನು ಹಿಡಿಯಿರಿ. ಭಾನುವಾರ ಬಾರದಿದ್ದರೆ ಎರಡು ದಿನದ ಸಂಬಳ ಕಡಿಯುವ ಪದ್ಧತಿ ಕೆಲವೆಡೆ ಇದೆ. ಗೈರುಹಾಜರಿಯ ಅನುಪಾತವನ್ನು ಮೀರಿದ ಕಡಿತಕ್ಕೆ ವೇತನ ಕಾನೂನಿನಲ್ಲಿ ಅವಕಾಶವಿಲ್ಲ.

ಹೋಟೆಲಿನವರು ಇನ್ನೊಂದನ್ನು ಗಮನಿಸಲೇಬೇಕು. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಾವಳಿಯ 4ನೆಯ ಅನುಸೂಚಿಯ ಪ್ರಕಾರ, ಜ್ವರ, ವಾಂತಿ, ಭೇದಿ, ಕಾಮಾಲೆ, ಕೀವುಗಟ್ಟಿದ ಗಾಯ ಇರುವವರನ್ನು ಆಹಾರ ಮುಟ್ಟುವ ಕೆಲಸಕ್ಕೆ ಬಿಡುವಂತಿಲ್ಲ. ಸಂಬಳ ಹೋಗುತ್ತದೆಂಬ ಭಯದಿಂದ ಹೊಟ್ಟೆಕೆಟ್ಟವನು ಬಾಯಿ ಮುಚ್ಚಿಕೊಂಡು ಚಟ್ನಿ ರುಬ್ಬಲು ನಿಂತರೆ, ಉಳಿದ ಒಂದು ದಿನದ ಸಂಬಳಕ್ಕಿಂತ ಎಷ್ಟೋ ಪಾಲು ದೊಡ್ಡ ನಷ್ಟ ಗಿರಾಕಿಗಳ ಮೂಲಕ ಬರುತ್ತದೆ. ಆರೆಂಟು ಜನ ಒಂದೇ ಕೋಣೆಯಲ್ಲಿ ಮಲಗುವ ಕಡೆಯಲ್ಲಂತೂ ಕಾಯಿಲೆಯವನಿಗೆ ಬೇರೆ ಜಾಗ ಮಾಡಿಕೊಡಿ. ಮಳೆನೀರಿನಲ್ಲಿ ನಡೆದು ಬಂದವನಿಗೆ ಜ್ವರ ಬಂದರೆ ಇಲಿಜ್ವರವೂ ಇರಬಹುದಾದ್ದರಿಂದ, ಮಾತ್ರೆ ಕೊಟ್ಟು ಮಲಗಿಸದೆ ಅಂದೇ ಯಾರನ್ನಾದರೂ ಜೊತೆಗೆ ಕೊಟ್ಟು ಆಸ್ಪತ್ರೆಗೆ ಕಳಿಸಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಈ ತಿಂಗಳ ಸಂಬಳ ಕೊಡುವ ಮೊದಲು 22 ಜನರ ಹೆಸರಿನ ಮುಂದೆಯೂ ಬಳಸಿದ ರಜೆ, ಉಳಿದ ರಜೆ, ಇಎಸ್‌ಐ ಸಂಖ್ಯೆ ಈ ಮೂರನ್ನು ಬರೆದು, ಅವರವರಿಗೆ ಓದಿ ಹೇಳಿ ಸಹಿ ಪಡೆಯಿರಿ. ಕನ್ನಡ ಬಾರದ ಹುಡುಗರಿಗೆ ಹಿಂದಿಯಲ್ಲಿ ಹೇಳಿ.