ಪದ ಪರಿಚಯ: ‘ಕ್ಲೀನ್’

ಪುಣೆ ಹಿಂಜೆವಾಡಿಯ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಈ ತಿಂಗಳು ಇದು ಐದನೇ ಸಲ. ಪಕ್ಕದ ಕುರ್ಚಿಯ ಬೆಳಗಾವಿ ಹುಡುಗ ಕೇಳಿದ: “ಸರ್, ಸ್ಟೇಟಸ್ ಕ್ಲೀನ್ ಐತ್ರಿ, ಏಜೆಂಟ್ ಬಿಡ್ಲೇನ್ರಿ?” ಬಿಡು ಅಂದೆ. (ಸ್ಟೇಟಸ್ ಅಂದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ‘ಗಿಟ್’ ಕೊಡುವ ವರದಿ, ಏಜೆಂಟ್ ಅಂದರೆ ತಾನೇ ಕೋಡ್ ಬರೆದು ಕಮಾಂಡ್ ಓಡಿಸುವ ಎಐ ಸಹಾಯಕ.) ನಡುವೆ ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಹಂತ) ಕೈಕೊಟ್ಟಿತು. ಹಳೇ ಕಸ ಗುಡಿಸಿ ನೋಡೋಣ ಅಂತ ಏಜೆಂಟು ಫೈಲು ಅಳಿಸುವ ‘ಗಿಟ್ ಕ್ಲೀನ್’ ಕಮಾಂಡಿಗೆ ಎಫ್, ಡಿ, ಎಕ್ಸ್ ಆಯ್ಕೆ ಮೂರೂ ಹಚ್ಚಿ ಅಪ್ಪಣೆ ಕೇಳಿತು, ಹುಡುಗ ಓದದೇ ಎಂಟರ್ ಒತ್ತಿದ. ಪಾಸ್‌ವರ್ಡು, ಕೀ ಎಲ್ಲ ಇದ್ದ ಎನ್ವ್ ಫೈಲು ಹೋಯಿತು. ಹದಿನೈದು ದಿನ ಕೂತು ತುಂಬಿಸಿದ್ದ ಎಸ್‌ಕ್ಯೂಲೈಟ್ ಡೇಟಾಬೇಸೂ ಅದರ ಹಿಂದೆಯೇ ಹೋಯಿತು. “ಕ್ಲೀನ್ ಅಂತ ತೋರಿಸಿತ್ತಲ್ರೀ ಸರ್!”

ತೋರಿಸಿದ್ದು ಸುಳ್ಳಲ್ಲ, ಇವನು ಓದಿಕೊಂಡ ಅರ್ಥ ತಪ್ಪು. ‘ವರ್ಕಿಂಗ್ ಟ್ರೀ ಕ್ಲೀನ್’ (ವರ್ಕಿಂಗ್ ಟ್ರೀ ಅಂದರೆ ನಾವು ಕೆಲಸ ಮಾಡುವ ಫೈಲುಗಳ ಫೋಲ್ಡರು) ಅನ್ನುವ ಸಾಲನ್ನು ನಮ್ಮವರು ‘ಎಲ್ಲ ಸ್ವಚ್ಛವಾಗಿದೆ’ ಅಂತ ಓದುತ್ತಾರೆ. ಸ್ವಚ್ಛ ಅಂದಕೂಡಲೇ ಸರಿಯಾಗಿದೆ, ಓಡುತ್ತದೆ, ಅಪಾಯವಿಲ್ಲ ಅನ್ನುವ ಅರ್ಥಗಳೂ ಹಿಂದೆಯೇ ಒಳಗೆ ಬಂದು ಕೂರುತ್ತವೆ. ಈ ಪದಕ್ಕೆ ಕನ್ನಡದಲ್ಲಿ ಅಳತೆ ಕೊಟ್ಟು ಹೊಲಿಸಿದಂಥ ಮಾತು ಬೇರೆಯೇ ಇದೆ: ಮಡಿ.

ಅಜ್ಜಿಯ ಮಡಿ ಸೀರೆ ನೆನಪು ಮಾಡಿಕೊಳ್ಳಿ. ಒಗೆದು, ಕೋಲಿನಿಂದ ಗಳಕ್ಕೆ ಏರಿಸಿ, ಒಣಗಿದ ಮೇಲೆ ಯಾರೂ ಮುಟ್ಟಬಾರದು. ಸೆರಗು ಹರಿದಿರಬಹುದು, ಅರಿಶಿನದ ಕಲೆ ಇರಬಹುದು, ಮಡಿಗೆ ಅದರಿಂದ ಭಂಗವಿಲ್ಲ. ಒಗೆದಾದ ಮೇಲೆ ಯಾರಾದರೂ ಮುಟ್ಟಿದರೇ ಅನ್ನುವುದೊಂದೇ ಅಲ್ಲಿ ಪ್ರಶ್ನೆ. ಗಿಟ್ ಕೇಳುವುದೂ ಇದನ್ನೇ: ಕೊನೆಯ ಕಮಿಟ್ (ಬದಲಾವಣೆಯನ್ನು ಗಿಟ್‌ನ ಇತಿಹಾಸದಲ್ಲಿ ದಾಖಲಿಸುವುದು) ಆದಮೇಲೆ ಯಾರಾದರೂ ಮುಟ್ಟಿದ್ದಾರೆಯೇ? ಕೋಡಿನಲ್ಲಿ ನೂರು ಬಗ್ ಇರಲಿ, ಒಂದು ಟೆಸ್ಟೂ ಪಾಸಾಗದಿರಲಿ, ಕಮಿಟ್ ಆಗಿದ್ದರೆ ಅದು ಮಡಿ. ಅಂಗಡಿಯಿಂದ ಈಗಷ್ಟೇ ತಂದ ಹೊಸ ನೂಲಿನ ಸೀರೆ ಎಷ್ಟೇ ಫಳಫಳ ಅಂದರೂ ನೀರಿಗೆ ಹಾಕುವ ತನಕ ಮಡಿಯಲ್ಲ. ಇನ್ನೂ ಆ್ಯಡ್ ಮಾಡದ, ಅಂದರೆ ಗಿಟ್‌ನ ಲೆಕ್ಕಕ್ಕೆ ಸೇರಿಸದ ಹೊಸ ಫೈಲಿನ ಪಾಡೂ ಅಷ್ಟೇ.

ಒಗೆದ ಬಟ್ಟೆಯೇ ಮಡಿ, ಅದನ್ನು ಒಗೆಯುವವನು ಮಡಿವಾಳ. 12ನೇ ಶತಮಾನದ ಶರಣ ಮಾಚಿದೇವರ ಹೆಸರಿನ ಮುಂದೆ ಇವತ್ತಿಗೂ ಇರುವ ಮಾತು ಅದು. ಇದಿರು ಪದ ‘ಮೈಲಿಗೆ’ಯದು ಪ್ರಾಕೃತದ ‘ಮಇಲ’ದ ನಂಟು, ಹಿಂದಿಯ ‘ಮೈಲಾ’ ಕೂಡ ಅದೇ ಬಳಗ. ಗಿಟ್‌ನ ‘ಡರ್ಟಿ’ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗಂತೂ ಸಿಕ್ಕಿಲ್ಲ. (ಮಡಿ-ಮೈಲಿಗೆಯನ್ನು ಬಟ್ಟೆಯಿಂದ ಮನುಷ್ಯರ ಮೇಲೆ ಹೇರಿದ ಕಥೆ ಗೊತ್ತಿದ್ದದ್ದೇ. ಈ ಜೋಡಿಪದ ಗಿಟ್‌ನೊಳಗೆ ಉಳಿದುಕೊಂಡು ಬೇರೆ ಕಡೆ ಸತ್ತುಹೋದರೆ ನನಗೇನೂ ಬೇಸರವಿಲ್ಲ.) ನಾನು ಇಷ್ಟನ್ನೆಲ್ಲ ಹುಡುಗನಿಗೆ ಹೇಳುವಾಗ ಎದುರು ಟೇಬಲ್ಲಿನ ಪುಣೇಕರ್ ಬಾಯಿ ತಲೆ ಎತ್ತಿ, “ಮ್ಹಣಜೇ ಸೋವಳಂ-ಓವಳಂ!” ಅಂದರು, ಮರಾಠಿಯಲ್ಲಿ ‘ಅಂದರೆ ಮಡಿ-ಮೈಲಿಗೆ’. ಅವರಿಗೆ ಒಂದೇ ಪದಕ್ಕೆ ಅರ್ಥವಾಯಿತು.

ಇನ್ನು ಮಡಿಯಲ್ಲೂ ಮತಭೇದ ಉಂಟು, ಅತ್ತೆಯ ಮಡಿ ಒಂದು, ಸೊಸೆಯ ಮಡಿ ಇನ್ನೊಂದು. ‘ಗಿಟ್ ಸ್ಟೇಟಸ್’ ಹೊಸ ಫೈಲು ಕಂಡರೆ ಕ್ಲೀನ್ ಅನ್ನುವುದಿಲ್ಲ. ಕಮಿಟ್‌ಗೆ ಓದಬಲ್ಲ ಹೆಸರು ಕೊಡುವ ‘ಗಿಟ್ ಡಿಸ್ಕ್ರೈಬ್’ಗೆ ‘ಡರ್ಟಿ’ ಅಂತ ಸೇರಿಸಿ ಕೇಳಿದರೆ ಅದು ಅದೇ ಹೊಸ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಗ್ನೋರ್ ಪಟ್ಟಿಯಲ್ಲಿ (ಗಿಟ್ ಗಮನಿಸಬೇಡ ಅಂತ ಬರೆದಿಟ್ಟ ಫೈಲುಗಳ ಪಟ್ಟಿ) ಇರುವುದಂತೂ ಇಬ್ಬರಿಗೂ ಹಿತ್ತಿಲು, ಅತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಹುಡುಗನ ಎನ್ವ್ ಫೈಲು, ಡೇಟಾಬೇಸು ಎರಡೂ ಇದ್ದದ್ದು ಆ ಹಿತ್ತಿಲಲ್ಲಿ. ‘ಗಿಟ್ ಕ್ಲೀನ್’ಗೆ ಎಕ್ಸ್ ಹಚ್ಚಿದರೆ ಪೊರಕೆ ನೇರ ಅಲ್ಲಿಗೇ ಹೋಗುತ್ತದೆ. ಕಮಿಟ್‌ನಲ್ಲಿ ಇಲ್ಲ, ಟ್ರಾಶ್‌ನಲ್ಲೂ ಇಲ್ಲ. ಒಂದೇ ಪದವನ್ನು ಒಂದು ಕಡೆ ಗುಣವಾಚಕ ಮಾಡಿ, ಇನ್ನೊಂದು ಕಡೆ ಅಳಿಸುವ ಕ್ರಿಯಾಪದ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಎಫ್ ಜಾಗದಲ್ಲಿ ಎನ್ ಇಟ್ಟು ಓಡಿಸಿದ್ದರೆ ಯಾವ್ಯಾವುದು ಹೋಗುತ್ತದೆ ಅಂತ ಪಟ್ಟಿಯಾದರೂ ಕಾಣುತ್ತಿತ್ತು.

ಹಾಗಂತ ಮಡಿ ಬೇಡವೇ? ಏಜೆಂಟ್ ಬಿಡುವ ಮುಂಚೆ ಬೇಕೇ ಬೇಕು. ಅದು ತಾನು ಮಾಡಿದ್ದು ತಪ್ಪಿತು ಅಂತ ಫೈಲನ್ನು ಹಳೇ ರೂಪಕ್ಕೆ ಮರಳಿಸುವ ‘ಗಿಟ್ ರಿಸ್ಟೋರ್’ ಕೊಟ್ಟರೆ, ನೀವು ಅದೇ ಫೈಲಿನಲ್ಲಿ ಬೆಳಗ್ಗೆಯಿಂದ ಬರೆದು ಕಮಿಟ್ ಮಾಡದೇ ಬಿಟ್ಟದ್ದೂ ಜೊತೆಗೇ ಹೋಗುತ್ತದೆ. ಯಾರ ಸಾಲು ಯಾರದು ಅಂತ ಬೇರ್ಪಡಿಸಲು ಅದಕ್ಕೆ ಗುರುತೇ ಇರುವುದಿಲ್ಲ. ಏಡರ್ ಅನ್ನುವ ಎಐ ಕೋಡಿಂಗ್ ಸಹಾಯಕ ಇದನ್ನು ಬಲ್ಲದು. ತಾನು ಮುಟ್ಟಬೇಕಾದ ಫೈಲು ಮೈಲಿಗೆಯಾಗಿದ್ದರೆ ಮೊದಲು ನಿಮ್ಮ ಪಾಲನ್ನು ಬೇರೆಯಾಗಿ ಕಮಿಟ್ ಮಾಡಿಯೇ ಕೈಹಾಕುತ್ತದೆ. ಕಮಿಟ್ ಮಾಡದ್ದನ್ನು ತಾತ್ಕಾಲಿಕವಾಗಿ ಎತ್ತಿಡುವ ‘ಗಿಟ್ ಸ್ಟ್ಯಾಶ್’ ನೆಚ್ಚುವವರಿಗೆ ಒಂದು ತಿಳಿದಿರಲಿ: ‘ಯು’ ಹಚ್ಚದಿದ್ದರೆ ಹೊಸ ಫೈಲುಗಳು ಒಳಗೆ ಹೋಗುವುದಿಲ್ಲ, ಇದ್ದಲ್ಲೇ ಇರುತ್ತವೆ.

ಯಾವ ಬ್ರ್ಯಾಂಚ್ (ಕೋಡಿನ ಕವಲು), ಟೆಸ್ಟ್ ಮೊದಲೇ ಫೇಲ್ ಇದ್ದವೇ ಅನ್ನುವುದೆಲ್ಲ ಬೇರೆ ತಪಾಸಣೆ. ಅದನ್ನು ‘ಕ್ಲೀನ್’ ತಲೆಗೆ ಕಟ್ಟಬೇಡಿ. ಅದೇ ಸ್ಟೇಟಸ್‌ನಲ್ಲಿ ‘ಆರಿಜಿನ್ ಮೇನ್ (ಸರ್ವರ್‌ನಲ್ಲಿರುವ ಮುಖ್ಯ ಬ್ರ್ಯಾಂಚ್) ಜೊತೆ ಅಪ್ ಟು ಡೇಟ್’ ಅಂತ ಇನ್ನೊಂದು ಸಾಲು ಬರುತ್ತದಲ್ಲ, ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ಗಿಟ್ ಆಗ ಸರ್ವರ್ ಕಡೆ ತಿರುಗಿಯೂ ನೋಡಿರುವುದಿಲ್ಲ, ನೀವು ಹಿಂದೆ ಯಾವಾಗಲೋ ಫೆಚ್ ಮಾಡಿದಾಗಿನ (ಸರ್ವರ್‌ನಿಂದ ಹೊಸದನ್ನು ತರಿಸಿಕೊಂಡಾಗಿನ) ಸುದ್ದಿಯನ್ನೇ ಹೇಳುತ್ತಿರುತ್ತದೆ. ನಮ್ಮ ಹುಡುಗ ಕೊನೆಯ ಸಲ ಫೆಚ್ ಮಾಡಿದ್ದು ಗಣಪತಿ ಹಬ್ಬದ ರಜೆಗೆ ಊರಿಗೆ ಹೋಗುವ ಮುಂಚೆ.