ಮನೆ ಚೇಂಬರ್ ಕಟ್ಟಿಕೊಂಡರೆ ಯಾರ ಕೆಲಸ?

ಮಳೆ ಹಿಡಿಯಿತೆಂದರೆ ಶಿವಮೊಗ್ಗದ ಹಳೇ ಬೀದಿಗಳಲ್ಲಿ ಈ ತಕರಾರು ಶುರು. ಬಚ್ಚಲಲ್ಲಿ ಗಲೀಜು ನೀರು ವಾಪಸ್ ಬರುತ್ತದೆ. ಕಾಂಪೌಂಡ್ ಒಳಗಿನ ಪೈಪು, ಪೈಪುಗಳು ಸೇರುವ ಮುಚ್ಚಳದ ಗುಂಡಿ ಅಂದರೆ ಚೇಂಬರ್ ಮನೆಯವರದು, ರಸ್ತೆಯ ಮ್ಯಾನ್‌ಹೋಲ್ ಪಾಲಿಕೆಯದು. ಕೇಳಲು ಸುಲಭ. ಆದರೆ ಕಟ್ಟಿಕೊಳ್ಳುವುದು ಹೆಚ್ಚಾಗಿ ಇವೆರಡರ ನಡುವೆ, ನಾಲ್ಕಾರು ಮನೆಗಳ ಪೈಪು ಸೇರುವ ಕನ್ಸರ್ವೆನ್ಸಿಯಲ್ಲಿ.

ಕನ್ಸರ್ವೆನ್ಸಿ ಎಂದರೆ ಮನೆಗಳ ಹಿಂದಿನ ಕಿರಿದಾದ ಓಣಿ. ಹಿತ್ತಲ ಕಕ್ಕಸಿನ ಮಲವನ್ನು ಮನುಷ್ಯರೇ ಹೊತ್ತೊಯ್ಯಲಿ ಎಂದು ಬಿಟ್ಟ ದಾರಿ ಅದು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಮುಂದೆ ಗುಂಡಿ, ಸೆಪ್ಟಿಕ್ ಟ್ಯಾಂಕ್, ಯುಜಿಡಿ (ನೆಲದಡಿಯ ಒಳಚರಂಡಿ) ಬಂದವು. 2013ರಲ್ಲಿ ನಗರಸಭೆ ಪಾಲಿಕೆಯಾಯಿತು.

ಓಣಿಯ ಕೆಲಸ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಒಬ್ಬರು ಬಚ್ಚಲನ್ನು ಹಿಂದಕ್ಕೆ ಚಾಚಿದರು, ಇನ್ನೊಬ್ಬರು ಸೌದೆ ಒಟ್ಟಿದರು. ಪೈಪು ಮಾತ್ರ ಅದರಡಿಯಲ್ಲೇ ಉಳಿಯಿತು. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕೆಲವು ಕನ್ಸರ್ವೆನ್ಸಿಗಳು ಸುಧಾರಿಸಿದವು. ಉಳಿದ ಕಡೆ, ರಭಸದ ನೀರು ಹಾಯಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಮಷೀನಿನ ಗಾಡಿ ಓಣಿಯ ಬಾಯಲ್ಲೇ ನಿಲ್ಲುತ್ತದೆ.

ಮಲೆನಾಡಿನ ಮಳೆ ಇದಕ್ಕೆ ಸೇರಿಕೊಳ್ಳುತ್ತದೆ. ಯುಜಿಡಿ ಪೈಪು ಮನೆ ಬಳಕೆಯ ನೀರಿಗೆ ಲೆಕ್ಕ ಹಾಕಿದ್ದು. ತಾರಸಿ ನೀರನ್ನೂ ಅದಕ್ಕೇ ಬಿಟ್ಟರೆ ತಡೆಯುತ್ತದಾ? ಮೊದಲೇ ಎಣ್ಣೆ ಜಿಡ್ಡು, ಬಟ್ಟೆ ಚೂರು, ಪ್ಯಾಡ್ ಸೇರಿ ಅರ್ಧ ತುಂಬಿರುತ್ತದೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ, ಚರಂಡಿ ಹಿಡಿದು ತುಂಗೆಗೆ ಹೋಗುತ್ತದೆ.

ಯಾರ ಪೈಪು ಎಂದು ಮಾತು ನಡೆಯುವಾಗಲೇ ಯಾರೋ ಒಬ್ಬರನ್ನು ಕರೆತರಲಾಗುತ್ತದೆ. ಕೈಯಲ್ಲೊಂದು ಬಿದಿರಿನ ದಬ್ಬೆ. ಅದು ಸಾಲದಿದ್ದರೆ ಅವರೇ ಇಳಿಯುತ್ತಾರೆ. ಒಳಗಿನ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ. ಕೆಲವೇ ಉಸಿರಿಗೆ ಜೀವ ಹೋಗಬಹುದು.

ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಇಲ್ಲಿ ನಿಮ್ಮದು, ನಮ್ಮದು ಎಂದು ಭೇದ ಮಾಡುವುದಿಲ್ಲ. ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಿದರೆ ಮನೆ ಮಾಲೀಕರಿಗೂ ಶಿಕ್ಷೆ: ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಖರ್ಚು ಯಾರದು ಎಂಬುದನ್ನು ಆಮೇಲೆ ಇತ್ಯರ್ಥ ಮಾಡಬಹುದು, ಅಲ್ವಾ? ಮೊದಲು ಮಷೀನ್ ಬರಬೇಕು. ಅದರ ಪೈಪು ಒಳಗೆ ಹೋಗುವಷ್ಟು ಓಣಿಯೂ ಬಿಟ್ಟಿರಬೇಕು.