ಮೊಲ ಸೊರಗಿ ಕೂದಲು ಉದುರುತ್ತಿದ್ದರೆ ಮೊದಲು ಬಾಯಿ ನೋಡಿ

ಪ್ರಶ್ನೆ: ನಮ್ಮ ಮನ್ಯಾಗ ಎರಡೂವರಿ ವರ್ಷದ ಬಿಳಿ ಗಂಡು ಮೊಲ ಐತ್ರಿ. ಒಂದು ತಿಂಗಳಾತು, ದಿನದಿಂದ ದಿನಕ್ಕ ಸೊರಗಾಕತ್ತೈತಿ. ಗದ್ದದ ಕೆಳಗ, ಹೆಗಲಿನ ಮ್ಯಾಲ ಕೂದಲು ಉದುರಿ ಚರ್ಮ ಕಾಣಾಕತ್ತೈತಿ. ಗಜ್ಜರಿ ಇಟ್ರ ಓಡಿ ಬರ್ತೈತಿ, ಒಂದೆರಡು ಸಲ ಬಾಯಿ ಹಾಕಿ ಬಿಟ್ಟುಬಿಡ್ತೈತಿ. ಮೊದಲಿಂದ ಅನ್ನ, ರೊಟ್ಟಿ, ಕ್ಯಾಬೇಜ್, ಗಜ್ಜರಿ, ನೆನೆಸಿದ ಕಡ್ಲಿ ಹಾಕ್ಕೊಂತ ಬಂದೀವಿ. ಮೆಡಿಕಲ್ ಅಂಗಡ್ಯಾಗ ಕೇಳಿ ಕಜ್ಜಿ ಮುಲಾಮು ಹಚ್ಚಿದ್ವಿ, ಕಡಿಮಿ ಆಗವಲ್ದು. ಇದಕ್ಕ ಏನಾಗೈತಿ?
— ಸಿಂಧನೂರಿನ ಓದುಗರು

ಉತ್ತರ: ಮುಲಾಮು ಇವತ್ತೇ ನಿಲ್ಲಿಸಿ. ಮೊಲ ಮೈ ನೆಕ್ಕಿಕೊಂಡು ಶುಚಿಯಾಗುವ ಪ್ರಾಣಿ, ನೀವು ಹಚ್ಚಿದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ಮನುಷ್ಯರ ಕಜ್ಜಿ, ಗಜಕರ್ಣಕ್ಕೆ ಮಾರುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ, ಮೊಲ ಅದನ್ನು ಸುಲಭವಾಗಿ ತಡೆದುಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ನೀವು ಬರೆದಿರುವುದನ್ನು ನೋಡಿದರೆ ತೊಂದರೆ ಚರ್ಮದಲ್ಲಿ ಶುರುವಾದಂತೆ ಕಾಣುವುದಿಲ್ಲ. ಬಾಯಲ್ಲಿ ಶುರುವಾದಂತೆ ಕಾಣುತ್ತದೆ.

ಕೂದಲು ಉದುರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ತೂಕ ಇಳಿದದ್ದು ತುಪ್ಪಳದ ಒಳಗೆ ಮುಚ್ಚಿಹೋಗಿರುತ್ತದೆ. ಹಾಗಾಗಿ ಬಹಳ ಜನ ಚರ್ಮಕ್ಕೆ ಔಷಧ ಹುಡುಕುತ್ತ ದಿನ ಕಳೆಯುತ್ತಾರೆ. ಆದರೆ ಮೊಲದ ಜೀವಕ್ಕೆ ಅಪಾಯವಿರುವುದು ತೂಕ ಇಳಿಯುವುದರಲ್ಲಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಒಂದೇ ವಾಕ್ಯ: ಓಡಿ ಬರುತ್ತದೆ, ಬಾಯಿ ಹಾಕಿ ಬಿಟ್ಟುಬಿಡುತ್ತದೆ. ಹಸಿವಿದೆ, ಅಗಿಯಲು ಆಗುತ್ತಿಲ್ಲ. ಅದರ ಜೊತೆಗೆ ಗದ್ದದ ಕೆಳಗೆ ಕೂದಲು ಹೋಗಿದೆ ಎಂದರೆ ಹಲ್ಲಿನ ತೊಂದರೆ ಅಲ್ಲ ಎಂದು ಖಾತ್ರಿಯಾಗುವವರೆಗೂ ಹಲ್ಲನ್ನೇ ಅನುಮಾನಿಸಬೇಕು.

ಮೊಲಕ್ಕೆ ಒಟ್ಟು 28 ಹಲ್ಲು. ಎದುರಿಗೆ ಕಾಣುವ ಬಾಚಿಹಲ್ಲುಗಳು, ಮೇಲಿನ ಜೋಡಿಯ ಬೆನ್ನಿಗೇ ಅಡಗಿರುವ ಎರಡು ಪುಟ್ಟ ಹಲ್ಲುಗಳು, ಒಳಗೆ 22 ದವಡೆ ಹಲ್ಲುಗಳು. ಇವೆಲ್ಲವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಹೆಚ್ಚುಕಡಿಮೆ 2 ಮಿಲಿಮೀಟರ್ ಬೆಳೆಯುತ್ತದೆ. ಬೆಳೆದಷ್ಟೂ ಸವೆಯಬೇಕಾದರೆ ಮೊಲ ದಿನದಲ್ಲಿ ಬಹಳ ಹೊತ್ತು ನಾರಿನ ಹುಲ್ಲನ್ನು ದವಡೆ ಅಡ್ಡಡ್ಡ ಆಡಿಸಿ ಅರೆಯುತ್ತಿರಬೇಕು. ಅನ್ನ, ರೊಟ್ಟಿ, ನೆನೆಸಿದ ಕಡಲೆಯಲ್ಲಿ ಅರೆಯುವಂಥದ್ದು ಏನೂ ಇಲ್ಲ, ಎರಡು ಸಲ ಬಾಯಾಡಿಸಿದರೆ ನುಂಗುವಷ್ಟು ಮೆತ್ತಗಾಗುತ್ತದೆ. ಸವೆಯದ ದವಡೆ ಹಲ್ಲಿನ ಅಂಚಿನಲ್ಲಿ ಸೂಜಿಯಂಥ ಮುಳ್ಳು ಏಳುತ್ತದೆ. ಕೆಳಗಿನ ಸಾಲಿನ ಮುಳ್ಳು ನಾಲಿಗೆಯನ್ನು, ಮೇಲಿನ ಸಾಲಿನದು ಕೆನ್ನೆಯ ಒಳಬದಿಯನ್ನು ಕೊರೆಯುತ್ತದೆ. ಎಷ್ಟೇ ಹಸಿದಿದ್ದರೂ ಒಂದು ತುಂಡು ಬಾಯಿಗೆ ಹಾಕಿಕೊಂಡ ಕೂಡಲೇ ನೋವು.

ಬಾಯಿ ನೋಯುವ ಮೊಲ ಜೊಲ್ಲು ಸುರಿಸುತ್ತದೆ. ಗದ್ದ, ಗಂಟಲ ಕೆಳಗಿನ ಜಾಗ ಸದಾ ಒದ್ದೆಯಾಗಿ ಕೂದಲು ಉದುರುತ್ತದೆ, ಚರ್ಮ ಕೆಂಪಾಗುತ್ತದೆ. ಇವತ್ತು ಸಂಜೆ ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಗದ್ದದಡಿ ಬೆರಳಿಟ್ಟು ನೋಡಿ. ಮುಂಗಾಲುಗಳ ಒಳಬದಿಯನ್ನೂ ನೋಡಿ: ಜೊಲ್ಲನ್ನು ಕಾಲಿನಿಂದ ಒರೆಸಿಕೊಂಡು ಅಲ್ಲಿಯ ಕೂದಲು ಅಂಟಂಟಾಗಿ ಗಂಟು ಕಟ್ಟಿರುತ್ತದೆ. ಕೆಳದವಡೆಯ ಎಲುಬಿನ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿ. ಎರಡೂ ಕಡೆ ಒಂದೇ ಸಮ ಇರಬೇಕು. ಉಬ್ಬುತಗ್ಗು ಸಿಕ್ಕರೆ ಹಲ್ಲಿನ ಬೇರು ಕೆಳಕ್ಕೆ ಬೆಳೆದು ಎಲುಬನ್ನು ದೂಡುತ್ತಿರಬಹುದು. ಮೇಲಿನ ಹಲ್ಲಿನ ಬೇರು ಹೀಗೆ ಬೆಳೆದರೆ ಕಣ್ಣೀರಿನ ನಾಳ ಒತ್ತಿಕೊಂಡು ಒಂದು ಕಣ್ಣು ಸೋರುತ್ತದೆ, ಕಣ್ಣ ಕೆಳಗಿನ ಕೂದಲು ಹೋಗುತ್ತದೆ. ಅದನ್ನು ಬರೀ ಕಣ್ಣಿನ ರೋಗ ಅಂದುಕೊಂಡು ಹನಿ ಹಾಕುತ್ತ ಕೂರುವವರು ಬಹಳ.

ಇನ್ನು ಹೆಗಲ ಮೇಲಿನ ಕೂದಲಿನ ಕಥೆ. ಬಾಯಿ ನೋಯುವ ಮೊಲ ತನ್ನ ಮೈಯನ್ನು ಬಾಚಿ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ. ತುಪ್ಪಳದಲ್ಲಿ ನುಸಿಗಳು ಅಷ್ಟಿಷ್ಟು ಇದ್ದರೂ ಆರೋಗ್ಯವಂತ ಮೊಲ ನೆಕ್ಕಿ ನೆಕ್ಕಿ ಅವನ್ನು ಹತೋಟಿಯಲ್ಲಿ ಇಟ್ಟಿರುತ್ತದೆ. ನೆಕ್ಕುವುದು ನಿಂತರೆ ಅವು ಬೆಳೆದುಬಿಡುತ್ತವೆ, ಅದರಲ್ಲೂ ಬಾಯಿ ಎಟುಕದ ಹೆಗಲು, ಬೆನ್ನಿನ ಮೇಲೆ. ಈ ತುಪ್ಪಳ ನುಸಿಯ ಹೆಸರು ಕೈಲೆಟಿಯೆಲ್ಲಾ. ಕಪ್ಪು ಕಾಗದದ ಮೇಲೆ ಮೊಲವನ್ನು ನಿಲ್ಲಿಸಿ ಹೆಗಲ ಕೂದಲನ್ನು ಹಿಂದುಮುಂದಾಗಿ ಉಜ್ಜಿ. ಉದುರಿದ ಬಿಳಿ ಹೊಟ್ಟನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡುತ್ತಿದ್ದರೆ, ನುಸಿ ಇದ್ದಲ್ಲಿ ಹೊಟ್ಟಿನ ಚೂರುಗಳು ತಾವೇ ಸರಿದಾಡಿದ ಹಾಗೆ ಕಾಣುತ್ತದೆ. ಈ ನುಸಿ ಎತ್ತಿಕೊಂಡವರ ಕೈ, ಹೊಟ್ಟೆಯ ಮೇಲೂ ಕೆಂಪು ಗುಳ್ಳೆ ಎಬ್ಬಿಸುತ್ತದೆ. ಹುಲ್ಲು ಸಿಗದೆ ಹಲ್ಲು ಬೆಳೆದು, ಹಲ್ಲಿನಿಂದ ತೂಕ ಇಳಿದು, ಮೈ ನೋಡಿಕೊಳ್ಳಲಾಗದೆ ಕೂದಲು ಉದುರಿದೆ ಎಂಬುದು ನನ್ನ ಅಂದಾಜು. ಅಂದಾಜನ್ನು ಖಾತ್ರಿ ಮಾಡಬೇಕಾದವರು ಬಾಯೊಳಗೆ ಬೆಳಕು ಬಿಟ್ಟು ನೋಡುವ ಪಶುವೈದ್ಯರು.

ತೂಕ ಎಷ್ಟು ಇಳಿದಿದೆ ಎಂದು ತಿಳಿಯಲು ಬೆನ್ನೆಲುಬಿನ ಮೇಲೆ ಬೆರಳಾಡಿಸಿ. ಮುಷ್ಟಿ ಕಟ್ಟಿದಾಗ ನಿಮ್ಮ ಕೈಗೆಣ್ಣು ಎಷ್ಟು ಚೂಪಾಗಿ ಸಿಗುತ್ತದೋ ಹಾಗೆ ಅದರ ಬೆನ್ನೆಲುಬು ಸಿಕ್ಕರೆ ಮೊಲ ಬಹಳ ಸೊರಗಿದೆ. ಬುಟ್ಟಿಯಲ್ಲಿ ಕೂರಿಸಿ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ವಾರಕ್ಕೊಮ್ಮೆ ಮತ್ತೆ ತೂಗಿ. ಎರಡು ಕಿಲೋ ಮೊಲ 200 ಗ್ರಾಂ ಕಳೆದುಕೊಂಡರೆ ಅದು ಹತ್ತನೇ ಒಂದು ಭಾಗ, ತಡ ಮಾಡುವಂಥದ್ದಲ್ಲ.

ಔಷಧದ ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ, ಮನೆಯಲ್ಲೇ ಪ್ರಯೋಗ ಮಾಡಬೇಡಿ. ನಾಯಿಯ ಉಣ್ಣೆಹುಳಕ್ಕೆ ಕುತ್ತಿಗೆ ಮೇಲೆ ಹಾಕುವ ಎಷ್ಟೋ ಹನಿ ಔಷಧಗಳಲ್ಲಿ ಫಿಪ್ರೊನಿಲ್ ಎಂಬುದಿರುತ್ತದೆ, ಮೊಲಕ್ಕೆ ಅದು ವಿಷ. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಈ ಹೆಸರು ಹೊಸದಲ್ಲ, ಕಾಂಡಕೊರಕಕ್ಕೆ ಹಾಕುವ ಹರಳುಗಳಲ್ಲಿರುವುದೂ ಇದೇ. ಬೀದಿನಾಯಿಯ ಕಜ್ಜಿಗೆ ಬಳಿಯುವ ಗಾಡಿಯ ಸುಟ್ಟ ಆಯಿಲ್, ಸೀಮೆಎಣ್ಣೆ ಮೊಲದ ಹತ್ತಿರವೂ ಸುಳಿಯಬಾರದು. ನುಸಿಗೆ ಐವರ್ಮೆಕ್ಟಿನ್ ಒಳ್ಳೆಯ ಔಷಧವೇ, ಆದರೆ ದನಕ್ಕೆಂದು ಬರುವ ಬಾಟಲಿಯಿಂದ ಅಂದಾಜಿನಲ್ಲಿ ಎಳೆದರೆ ಎರಡು ಕಿಲೋ ಜೀವಕ್ಕೆ ಪ್ರಮಾಣ ಮೀರುವುದು ಸುಲಭ. ತೂಕ ನೋಡಿ ವೈದ್ಯರೇ ಕೊಡಲಿ. ಅದು ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ 10-14 ದಿನ ಬಿಟ್ಟು ಮತ್ತೆ ಕೊಡಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಆಂಟಿಬಯಾಟಿಕ್ ಮಾತ್ರೆ, ಸಿರಪ್‌ಗಳದು. ಮನೆಯಲ್ಲಿ ಮಕ್ಕಳಿಗೆ ತಂದು ಉಳಿದದ್ದನ್ನು ಮೊಲದ ಬಾಯಿಗೆ ಹಾಕಿದರೆ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಭೇದಿ ಹತ್ತಿ ಮೊಲ ಸಾಯಬಹುದು.

ಬಾಚಿಹಲ್ಲು ಉದ್ದವಾಗಿದ್ದು ಕಂಡರೆ ಉಗುರು ಕತ್ತರಿಸುವ ಕಟರ್‌ನಿಂದ ಕತ್ತರಿಸಲು ಹೋಗಬೇಡಿ. ಹಲ್ಲು ಉದ್ದಕ್ಕೆ ಸೀಳಿ ಬೇರಿನವರೆಗೆ ಬಿರುಕು ಹೋಗುತ್ತದೆ, ಕೀವಾಗುತ್ತದೆ.

ಕೂದಲು ಉದುರಿದರೂ ಹೆದರಬೇಕಿಲ್ಲದ ಸಂದರ್ಭಗಳಿವೆ. ಋತು ಬದಲಾದಾಗ ತುಪ್ಪಳ ಕಳಚುವುದು ಸಹಜ, ತಲೆಯ ಕಡೆಯಿಂದ ಹಿಂದಕ್ಕೆ ಸರಿಯುತ್ತ ಹೋಗುತ್ತದೆ, ಅಡಿಯಲ್ಲಿ ಹೊಸ ಕೂದಲು ಮೊಳೆತಿರುತ್ತದೆ, ಚರ್ಮ ಕೆಂಪಾಗಿರುವುದಿಲ್ಲ. ಹೆಣ್ಣು ಮೊಲ ಗಬ್ಬವಾದಾಗ, ಕೆಲವೊಮ್ಮೆ ಗಬ್ಬ ನಿಲ್ಲದೆಯೂ, ಎದೆ ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಗೂಡಿಗೆ ಹಾಸಿಕೊಳ್ಳುತ್ತದೆ. ಒಂದೇ ಪಂಜರದಲ್ಲಿ ಎರಡಿದ್ದರೆ ಒಂದು ಇನ್ನೊಂದರ ಕೂದಲನ್ನು ಕತ್ತರಿಸಿ ತಿನ್ನುವುದೂ ಉಂಟು. ದುಂಡಗೆ ಕೂದಲು ಹೋಗಿ ಅಂಚಿನಲ್ಲಿ ಪೊರೆ ಎದ್ದಿದ್ದರೆ ಅದು ಗಜಕರ್ಣ ಇರಬಹುದು. ಅದು ಮಕ್ಕಳಿಗೆ ಬಹು ಬೇಗ ಅಂಟುತ್ತದೆ, ಮನೆಯವರ ಚರ್ಮವನ್ನೂ ತೋರಿಸಿ. ಇವುಗಳಲ್ಲಿ ಯಾವುದರಿಂದಲೂ ಮೊಲ ತಿಂಗಳುಗಟ್ಟಲೆ ಸೊರಗುವುದಿಲ್ಲ.

ಬಾಯಿ ಸರಿಯಿದೆ ಎಂದು ವೈದ್ಯರು ಹೇಳಿದರೆ ಮುಂದಿನ ಹೆಜ್ಜೆ ಹಿಕ್ಕೆಯ ಪರೀಕ್ಷೆ. ಸಂತೆಯಿಂದಲೋ ಅಂಗಡಿಯಿಂದಲೋ ತಂದ ಮರಿಗಳು ಹೊಟ್ಟೆ ಡೊಳ್ಳಾಗಿ, ಬೆನ್ನು ಒಣಗಿ, ಮೆತ್ತಗೆ ಭೇದಿ ಮಾಡುತ್ತಿದ್ದರೆ ಬಹುಪಾಲು ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರೋಪಜೀವಿಯ ಕಾಟ. ಕೋಳಿ ಸಾಕಿದವರಿಗೆ ಈ ಹೆಸರು ಗೊತ್ತು. ಮೊಲದ ಕಾಕ್ಸಿಡಿಯಾ ಬೇರೆ ಜಾತಿಯದು, ಒಂದು ಬಗೆ ಪಿತ್ತಜನಕಾಂಗವನ್ನೇ ಹಿಡಿಯುತ್ತದೆ. ನೀರು ಬಹಳ ಕುಡಿದು ಬಹಳ ಉಚ್ಚೆ ಹೊಯ್ಯುತ್ತ ಸೊರಗುವ ಮೊಲಕ್ಕೆ ಮೂತ್ರಪಿಂಡದ ತೊಂದರೆ ಇರಬಹುದು, ರಕ್ತ ಪರೀಕ್ಷೆ ಬೇಕು. ನಿಮ್ಮದು ಗಂಡು, ಆದರೆ ಹೆಣ್ಣು ಮೊಲ ಸಾಕಿದವರಿಗೂ ಒಂದು ಮಾತು: ಸಂತಾನಹರಣ ಮಾಡಿಸದ ಹೆಣ್ಣು ಮೊಲಗಳಿಗೆ ಮೂರು ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರ ಸಾಮಾನ್ಯ. ಸೊರಗುವುದರ ಜೊತೆ ಉಚ್ಚೆಯಲ್ಲಿ ರಕ್ತ ಕಂಡರೆ ಕೂಡಲೇ ತೋರಿಸಿ.

ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್-ಮೇ ತಿಂಗಳು 40 ಡಿಗ್ರಿ ಮುಟ್ಟುತ್ತದೆ. ಮೊಲ ಬೆವರುವುದಿಲ್ಲ, ಮೈಶಾಖ ಹೊರಹೋಗುವುದು ಹೆಚ್ಚಾಗಿ ಕಿವಿಗಳಿಂದ. 30 ಡಿಗ್ರಿ ದಾಟಿದರೆ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಮಾಳಿಗೆಯ ಮೇಲೆ ತಗಡಿನ ನೆರಳಿನಲ್ಲಿ ಪಂಜರ ಇಟ್ಟರೆ ಅದು ನೆರಳಲ್ಲ, ಕಾವಲಿ. ಕೆಳಗಿನ ಕೋಣೆಯಲ್ಲಿ, ಗಾಳಿಯಾಡುವ ಬಂಡೆಗಲ್ಲಿನ ನೆಲದ ಮೇಲೆ ಇಡಿ. ಕಿವಿಯನ್ನು ತಣ್ಣೀರಿನ ಬಟ್ಟೆಯಿಂದ ಆಗಾಗ ಒರೆಸಿ, ಮೈ ತೊಳೆಯಬೇಡಿ.

ಹುಲ್ಲು ಎಲ್ಲಿಂದ ತರುವುದು ಎಂದು ಬಹಳ ಜನ ಕೇಳುತ್ತಾರೆ. ಪ್ಯಾಕೆಟಿನ ಒಣಹುಲ್ಲು ಸಿಗದಿದ್ದರೆ ಚಿಂತೆಯಿಲ್ಲ, ಗರಿಕೆ ಇದೆ. ಮೊಲಕ್ಕೆ ಇದಕ್ಕಿಂತ ಒಳ್ಳೆಯದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಂಕಷ್ಟಿಯ ದಿನ ಹೂವಿನವರ ಹತ್ತಿರ ಕಟ್ಟುಗಟ್ಟಲೆ ಸಿಗುತ್ತದೆ, ಅವರಿಗೇ ಹೇಳಿಟ್ಟರೆ ಉಳಿದ ದಿನವೂ ತಂದುಕೊಡುತ್ತಾರೆ. ತೊಳೆದು, ಒಂದು ಪಾಲು ಹಸಿಯಾಗಿ ಕೊಡಿ, ಉಳಿದದ್ದನ್ನು ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. ಗದ್ದೆಯ ಬದುವಿನದು ಬೇಡ, ಅಲ್ಲಿ ಔಷಧ ಹೊಡೆದಿರುತ್ತಾರೆ. ಭತ್ತದ ಹುಲ್ಲು ಹಾಸಲು ಆದೀತು, ಹೊಟ್ಟೆ ತುಂಬಿಸಲು ಅದರಲ್ಲಿ ಸತ್ವ ಸಾಲದು. ಎಳೆಯ ಜೋಳದ ಪೈರು ದನಕ್ಕೇ ವಿಷವಾಗುತ್ತದೆಂದು ರೈತರಿಗೆ ಗೊತ್ತಿದೆ, ಮೊಲಕ್ಕೂ ಹಾಕಬೇಡಿ. ಕುದುರೆ ಮಸಾಲೆ ಸೊಪ್ಪು ಆರು ತಿಂಗಳೊಳಗಿನ ಮರಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ದಿನವೂ ಕೊಟ್ಟರೆ ಕ್ಯಾಲ್ಸಿಯಂ ಹೆಚ್ಚಾಗುತ್ತದೆ. ಬೂಸು ವಾಸನೆ ಬರುವ ಶೇಂಗಾ ಹೊಟ್ಟು ಮುಟ್ಟಲೇಬೇಡಿ. ಕೊತ್ತಂಬರಿ, ಪುದೀನ, ಮೂಲಂಗಿ ಎಲೆ ದಿನಕ್ಕೊಂದು ಹಿಡಿ ಸಾಕು. ಗಜ್ಜರಿ ಒಂದೆರಡು ಬಿಲ್ಲೆ, ಅಪರೂಪಕ್ಕೆ. ಅನ್ನ, ರೊಟ್ಟಿ, ಕಡಲೆಯನ್ನು ಒಂದೇ ದಿನ ನಿಲ್ಲಿಸದೆ ಹತ್ತು ಹದಿನೈದು ದಿನದಲ್ಲಿ ಇಳಿಸುತ್ತ ಬನ್ನಿ. ಆದರೆ ಈಗ ಬಾಯಿ ನೋಯುತ್ತಿದ್ದರೆ ಹುಲ್ಲು ಎಷ್ಟು ಹಾಕಿದರೂ ತಿನ್ನಲಾರದು, ಮೊದಲು ಹಲ್ಲಿನ ಮುಳ್ಳು ತೆಗೆಸಬೇಕು. ಅಲ್ಲಿಯವರೆಗೆ ಮೊಲದ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರ) ಪುಡಿ ಮಾಡಿ ಬೆಚ್ಚನೆಯ ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಕೊಡಿ. ಹೊಟ್ಟೆ ಬಿಗಿದು ಊದಿಕೊಂಡಿದ್ದರೆ ಕೊಡಬೇಡಿ. ಹನ್ನೆರಡು ತಾಸು ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಎಂದರೆ ಕರುಳು ನಿಂತುಹೋಗುತ್ತಿದೆ ಎಂದರ್ಥ, ಬೆಳಗಾಗಲಿ ಎಂದು ಕಾಯಬೇಡಿ.

ತೋರಿಸಲು ಹೋಗುವಾಗ ತೂಕ ಬರೆದ ಚೀಟಿ, ಆ ದಿನದ ಹಿಕ್ಕೆ ಒಂದು ಡಬ್ಬಿಯಲ್ಲಿ, ಹಚ್ಚಿದ ಮುಲಾಮಿನ ಟ್ಯೂಬು ಜೊತೆಗಿರಲಿ. ನಮ್ಮ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ಕುರಿ. ಮೊಲದ ದವಡೆ ಹಲ್ಲು ನೋಡುವ ಉಪಕರಣ ಎಲ್ಲ ಕಡೆ ಇರುವುದಿಲ್ಲ. ಕಿವಿ ನೋಡುವ ಬೆಳಕಿನ ಕೊಳವೆಯಿಂದಲೂ ಬಾಯೊಳಗೆ ನೋಡಬಹುದು, "ಹಿಂದಿನ ಹಲ್ಲು ನೋಡ್ರಿ ಸಾಹೇಬ್ರ" ಎಂದು ನೀವಾಗಿಯೇ ಕೇಳಿ. ತಲೆಯ ಎಕ್ಸ್‌ರೇ, ಹಲ್ಲು ಸವರುವ ಕೆಲಸ ಅಲ್ಲಿ ಆಗದಿದ್ದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೋ, ಹೈದರಾಬಾದಿಗೋ ಚೀಟಿ ಬರೆಸಿಕೊಳ್ಳಿ. ಬೇಸಿಗೆಯಾಗಿದ್ದರೆ ರಾತ್ರಿ ಪ್ರಯಾಣ ಮಾಡಿ. ಹಲ್ಲು ಸವರಲು ಅರಿವಳಿಕೆ ಕೊಡುವ ಮೊದಲು ನಾಯಿಗೆ ಹೇಳುವಂತೆ ರಾತ್ರಿಯಿಡೀ ಉಪವಾಸ ಇಡಲು ಯಾರಾದರೂ ಹೇಳಿದರೆ, ಮೊಲಕ್ಕೂ ಅದು ಬೇಕೇ ಎಂದು ವೈದ್ಯರನ್ನು ಮತ್ತೊಮ್ಮೆ ಕೇಳಿ. ಮೊಲ ವಾಂತಿ ಮಾಡಲಾರದ ಪ್ರಾಣಿ, ಅದಕ್ಕೆ ಹಾಗೆ ಉಪವಾಸ ಬೇಕಾಗಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಲ್ಲುವ ಅಪಾಯವೇ ಹೆಚ್ಚು. ಅರಿವಳಿಕೆ ಇಳಿದು ಕಣ್ಣು ಬಿಟ್ಟ ಮೇಲೆ ಆದಷ್ಟು ಬೇಗ ತಿನ್ನಿಸಬೇಕು, ಕಲಸಿದ ಪೆಲೆಟ್ಟನ್ನೂ ಒಂದು ಹಿಡಿ ಗರಿಕೆಯನ್ನೂ ಮನೆಯಿಂದಲೇ ಒಯ್ಯಿರಿ.